ಸತ್ತವರ ಹೆಸರಿನಲ್ಲಿ ಉಳಿದ ಹೊಲ

ಬೆಳಗಿನ ಜಾವ ಐದು ಗಂಟೆ. ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಸಾಲುಮನೆಗಳ ಹಿಂದಿನ ಕೊಳದ ಮೇಲೆ ಜೂನ್ ತಿಂಗಳ ಮಂಜು ಹಾಸಿಕೊಂಡು ಮಲಗಿದೆ. ಎರಡು ಜಿಂಕೆಗಳು ಯಾರದೋ ಅಂಗಳದ ಹೂಗಿಡವನ್ನು ನಿಧಾನವಾಗಿ ಮೇಯುತ್ತಿವೆ. ಬೀದಿಯಲ್ಲಿ ದೀಪವಿರುವುದು ಒಂದೇ ಕೋಣೆಯಲ್ಲಿ. ಅಲ್ಲಿ ವರಲಕ್ಷ್ಮಿಯವರು ಹೆಗಲ ಮೇಲೆ ಶಾಲು ಹೊದ್ದು, ಫಿಲ್ಟರ್ ಕಾಫಿಯ ಲೋಟ ಪಕ್ಕದಲ್ಲಿಟ್ಟುಕೊಂಡು, ಕಂಪ್ಯೂಟರ್ ಪರದೆಯ ಮೇಲೆ ನೂರಮೂವತ್ತು ವರ್ಷ ಹಳೆಯ ಪುಟವೊಂದನ್ನು ಹಿಗ್ಗಿಸಿ ನೋಡುತ್ತಿದ್ದಾರೆ. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಅಕ್ಷರಗಳು ಒಂದರ ಮೇಲೊಂದು ಒರಗಿ ನಿದ್ದೆ ಮಾಡುತ್ತಿರುವಂತಿವೆ.

ಇಷ್ಟು ಬೇಗ ಏಕೆ ಎಂದರೆ ಐರ್ಲೆಂಡಿನಲ್ಲಿ ಈಗ ಹತ್ತು ಗಂಟೆ, ಕಚೇರಿಗಳ ಬಾಗಿಲು ತೆರೆದಿರುತ್ತದೆ. ವರಲಕ್ಷ್ಮಿಯವರ ಕಸುಬು ಐರಿಷ್ ಮೂಲದ ಅಮೆರಿಕನ್ನರ ವಂಶವೃಕ್ಷ ಹುಡುಕುವುದು. ಮಳವಳ್ಳಿಯ ಹೆಣ್ಣುಮಗಳಿಗೆ ಐರ್ಲೆಂಡಿನ ಅಜ್ಜ-ಮುತ್ತಜ್ಜಂದಿರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ನಮ್ಮೋರ್ದು ಹುಡುಕೋಕೆ ಯಾರೂ ಕೆಲ್ಸ ಕೊಡ್ಲಿಲ್ಲ, ಇವರು ಕೊಟ್ರು" ಎಂದು ಅವರು ಪರದೆಯಿಂದ ಕಣ್ಣು ತೆಗೆಯದೆಯೇ ಉತ್ತರ ಕೊಡುತ್ತಾರೆ.

ಇವರ ಬಗ್ಗೆ ಬರೆಯಲೆಂದು ನಾನು ಹಿಂದಿನ ಸಂಜೆಯೇ ವರ್ಜೀನಿಯಾದ ಶ್ಯಾಂಟಿಲಿಯಿಂದ ಬಂದು ಇವರ ಮನೆಯ ಸೋಫಾದ ಮೇಲೆ ಮಲಗಿದ್ದೆ. ನಾಲ್ಕೂವರೆಗೆ ಅಡುಗೆಮನೆಯಲ್ಲಿ ಲೋಟದ ಸದ್ದಾದಾಗ ಎದ್ದೆ. ಅರೆನಿದ್ದೆಯಲ್ಲಿದ್ದ ನನಗೆ, ಈ ಬೆಳಗಿನಲ್ಲಿ ಯಾರು ಬದುಕಿರುವವರು, ಯಾರು ಸತ್ತವರು ಎಂಬುದೇ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಏಕೆಂದರೆ ಅವರು ಗುನುಗುವ ಹಾಗೆ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು. ಬ್ರಿಜೆಟ್, ಹಾನರ್, ಥಾಮಸ್, ಆನ್. ದೇವರಮನೆಯಲ್ಲಿ ಸ್ತೋತ್ರ ಹೇಳುವ ಧಾಟಿ ಅದು.

ವರಲಕ್ಷ್ಮಿಯವರಿಗೆ ಐವತ್ತೆರಡು. ಮಳವಳ್ಳಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಇಪ್ಪತ್ತೆರಡರ ಮಗಳಿಗೆ ಅನುಕಂಪದ ಆಧಾರದ ಮೇಲೆ ನೌಕರಿ ಸಿಕ್ಕಿತು. ಹಾಕಿದ್ದು ರೆಕಾರ್ಡ್ ರೂಮಿಗೆ. ಜಿರಳೆ, ದೂಳು, ಕೆಂಪು ಬಟ್ಟೆಯ ಗಂಟುಗಳು. ಹಳೆಯ ಶಾನುಭೋಗರು ಕೈ ಎತ್ತದೆ ಕೂಡಿಸಿ ಬರೆದ ಮೋಡಿ ಅಕ್ಷರ ಓದಲು ಕಲಿಸಿದವರು ಅಟೆಂಡರ್ ಶಿವಕ್ಕ ಎನ್ನುವ ಹಿರಿಯರು. ತಾವು ಶಾಲೆಗೆ ಹೋದದ್ದು ಕಡಿಮೆ, ಆದರೆ ಕಣ್ಣು ಪಳಗಿತ್ತು. ಹದಿನೈದು ವರ್ಷ ಪಹಣಿ, ಖಾತೆ, ಸಾವಿನ ದಾಖಲೆಗಳ ನಡುವೆ ಕಳೆದ ಮೇಲೆ, ೨೦೦೮ರಲ್ಲಿ ಪತಿ ಹರಿಪ್ರಸಾದರ ಕೆಲಸದ ಜೊತೆ ಇಲ್ಲಿಗೆ ಬಂದರು.

ಇಲ್ಲಿ ಡಿಪೆಂಡೆಂಟ್ ವೀಸಾ. ಕೆಲಸ ಮಾಡುವಂತಿಲ್ಲ. ಏಳು ವರ್ಷದ ನಂತರ ಪರ್ಮಿಟ್ ಬಂದಾಗ, ತಾಲ್ಲೂಕು ಕಚೇರಿಯ ಅನುಭವಕ್ಕೆ ಕವಡೆ ಕಿಮ್ಮತ್ತೂ ಇರಲಿಲ್ಲ. "ಇಂಟರ್‌ವ್ಯೂಗಳಲ್ಲಿ ಕೂತ್ಕೊಂಡು ನನ್ನ ಕೆಲ್ಸ ಏನು ಅಂತ ಎಕ್ಸ್‌ಪ್ಲೇನ್ ಮಾಡೋಷ್ಟರಲ್ಲೇ ಅವರ ಮುಖ ಬಾಡಿಹೋಗೋದು. ಆಮೇಲಾಮೇಲೆ ನಾನೇ ಅಪ್ಲೈ ಮಾಡೋದು ಬಿಟ್ಟೆ. ಬೇಜಾರಾಗ್ತಿತ್ತು, ಸುಳ್ಳ್ಯಾಕೆ ಹೇಳ್ಲಿ" ಎನ್ನುತ್ತಾರೆ.

೨೦೨೦ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ, ಹೊತ್ತು ಹೋಗದೆ, ಹಳೆಯ ದಾಖಲೆಗಳ ಕೈಬರಹ ಓದಿ ಟೈಪ್ ಮಾಡಿಕೊಡುವ ಉಚಿತ ಸೇವೆಗೆ ಸೇರಿದರು. ಬೇರೆಯವರು ಕೈಬಿಟ್ಟ ಪುಟಗಳೆಲ್ಲ ಇವರ ಬಳಿಗೆ ಬರತೊಡಗಿದವು. ಮರುವರ್ಷ ವರ್ಜೀನಿಯಾದ ಒಂದು ಸಣ್ಣ ಸಂಸ್ಥೆ ಕರೆದು ಕೆಲಸ ಕೊಟ್ಟಿತು. ವರದಿಗಳು ಸಂಸ್ಥೆಯ ಹೆಸರಿನಲ್ಲಿ ಹೋಗುತ್ತವೆ. ಅವುಗಳಲ್ಲಿ ಎಲ್ಲೂ ವರಲಕ್ಷ್ಮಿ ಎಂಬ ಹೆಸರಿರುವುದಿಲ್ಲ.

ದಿನಕ್ಕೆ ಅರವತ್ತು ಎಪ್ಪತ್ತು ಪುಟ ಓದುತ್ತಾರೆ. ಒಂದು ಮನೆತನಕ್ಕೆ ಸುಮಾರು ನಲವತ್ತು ಗಂಟೆ ಹಿಡಿಯುತ್ತದೆ. ಈವರೆಗೆ ನೂರಹನ್ನೆರಡು ಮನೆತನಗಳು. ಅದರಲ್ಲಿ ಮೂವತ್ತೊಂದಕ್ಕೆ ಉತ್ತರ ಸಿಕ್ಕಿಲ್ಲ. ಆ ಮೂವತ್ತೊಂದರ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಾರೆ. ಸಿಕ್ಕವುಗಳ ಪಟ್ಟಿ ಎಲ್ಲಿ ಎಂದರೆ, ಇಲ್ಲ.

ಇವರು ಐರ್ಲೆಂಡನ್ನು ಕಂಡಿಲ್ಲ. ಆದರೆ ಅಲ್ಲಿನ ಜನಗಣತಿಯಲ್ಲಿ ಪ್ರತಿ ಮನೆಗೂ ಎಷ್ಟು ಕೋಣೆ, ಎದುರಿಗೆ ಎಷ್ಟು ಕಿಟಕಿ, ಚಾವಣಿ ಹುಲ್ಲಿನದೋ ಕಲ್ಲಿನದೋ ಎಂದು ಬರೆದಿರುತ್ತಾರೆ. ಅದನ್ನೇ ಓದಿ ಓದಿ ಊರುಗಳು ಕಣ್ಣಮುಂದೆ ನಿಂತಿವೆ. "ಕನಸಲ್ಲಿ ಓಡಾಡ್ತೀನಿ ರೀ. ಹತ್ತನೇ ಮನೆ ದಾಟಿದ್ರೆ ಬಾವಿ ಇರ್ಬೇಕು ಅನ್ಸತ್ತೆ. ಯಾರೋ ಹೊಸಿಲ ಮೇಲೆ ಆಲೂಗಡ್ಡೆ ಸುಲೀತಾ ಕೂತಿರ್ತಾರೆ. ಯಾವೂರು ಅಂತ ಕೇಳ್ತಾರೆ, ನಾನು ಮಳವಳ್ಳಿ ಅಂತೀನಿ. ಓ ಹೌದಾ, ಬನ್ನಿ ಅಂತಾರೆ" ಎಂದು ನಗುತ್ತಾರೆ. ಅವರ ಕನಸಿನಲ್ಲಿ ಐರಿಷ್ ಜನ ಕನ್ನಡ ಮಾತಾಡುತ್ತಾರಂತೆ, ಅದೂ ಮಂಡ್ಯದ ಕಡೆಯ ಕನ್ನಡ.

ಕಾಗದಗಳು ಮಾತ್ರ ಇಷ್ಟು ಸಲೀಸಾಗಿ ಬಾಯಿ ಬಿಡುವುದಿಲ್ಲ. ಒಂದು ಇನ್ನೊಂದರ ಜುಟ್ಟು ಹಿಡಿದಿರುತ್ತದೆ. ೧೯೦೧ರ ಗಣತಿಯಲ್ಲಿ ಐವತ್ತಾರು ವರ್ಷದವನು ೧೯೧೧ರಲ್ಲಿ ಎಪ್ಪತ್ತೊಂದಾಗಿರುತ್ತಾನೆ. ನಡುವೆ ಸರ್ಕಾರ ಎಪ್ಪತ್ತು ತುಂಬಿದವರಿಗೆ ಪಿಂಚಣಿ ಕೊಡಲು ಶುರುಮಾಡಿತ್ತು, ಊರಿಗೆ ಊರೇ ಒಟ್ಟಿಗೆ ಮುದಿಯಾಯಿತು. "ಇದು ನಂಗೆ ಆಶ್ಚರ್ಯವೇ ಅನ್ನಿಸ್ಲಿಲ್ಲ. ನನ್ನ ಬರ್ತ್‌ಡೇನೂ ಹೆಡ್‌ಮೇಷ್ಟ್ರು ಹಾಕಿದ್ದೇ" ಎನ್ನುತ್ತಾರೆ.

ಹಾಗೆಂದು ಇವರು ಎಡವಿಲ್ಲ ಎಂದಲ್ಲ. ಆರಂಭದಲ್ಲಿ ಒಂದು ಮನೆಯಲ್ಲಿ ಮೂರು ವರ್ಷದ ಅಂತರದಲ್ಲಿ ಇಬ್ಬರು ಮೇರಿಯರು ಹುಟ್ಟಿದ್ದು ಕಂಡು, ಬರೆದವರು ಎರಡು ಸಲ ಬರೆದಿದ್ದಾರೆಂದು ಎರಡನೆಯದನ್ನು ತೆಗೆದುಹಾಕಿದರು. ಅಲ್ಲಿ ಮಗು ಸತ್ತರೆ ಮುಂದಿನ ಮಗುವಿಗೆ ಅದೇ ಹೆಸರಿಡುವ ರೂಢಿ. ವರದಿ ಕೇಳಿದ್ದಾಕೆ ಎರಡನೆಯ ಮೇರಿಯ ಮೊಮ್ಮಗಳು. "ನಮ್ಮನೇಲಿ ತೀರಿಕೊಂಡ ಕೂಸಿನ ಹೆಸರು ಬಾಯಲ್ಲೂ ತರ್ತಿರ್ಲಿಲ್ಲ. ನಂಗೆ ಹೊಳೀಲೇ ಇಲ್ಲ. ಫೋನ್ ಮಾಡಿ ಸಾರಿ ಕೇಳ್ದೆ. ನಿಮ್ಮಜ್ಜೀನ ನಾನೇ ಅಳಿಸಿಬಿಟ್ಟಿದ್ದೆ ಅಂದೆ."

ಇವತ್ತು ಕಾಯುತ್ತಿರುವುದು ರೋಸ್‌ಮೇರಿ ಎಂಬುವರಿಗಾಗಿ. ಎಂಬತ್ತೇಳು ವರ್ಷ. ಷಾರ್ಲಟ್ ನಗರದ ಬ್ಯಾಲಂಟೈನ್ ಬಡಾವಣೆಯ ವೃದ್ಧಾಶ್ರಮವೊಂದರಲ್ಲಿದ್ದಾರೆ. ಅವರನ್ನು ಸಾಕಿದವರು ಅಜ್ಜಿ ನೋರಾ, ದಾಖಲೆಗಳಲ್ಲಿ ಹಾನರ್. ನೋರಾ ಏಳು ವರ್ಷದ ಮಗುವಾಗಿದ್ದಾಗ, ೧೮೯೩ರಲ್ಲಿ, ಸೋದರತ್ತೆ ಆನ್ ಜೊತೆ ಐರ್ಲೆಂಡಿನ ಮೇಯೋ ಜಿಲ್ಲೆಯ ಹಳ್ಳಿಯಿಂದ ಹಡಗಿನಲ್ಲಿ ಬಂದವರು. ಆ ಹಳ್ಳಿಯ ಹೆಸರನ್ನು ನಾಲ್ಕು ಸಲ ಹೇಳಿಸಿಕೊಂಡೆ. ನಾಲಿಗೆ ಹೊರಳದ ಕಾರಣ ಇಲ್ಲಿ ಬರೆಯುವ ಸಾಹಸ ಮಾಡುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಸತ್ತಿದ್ದರಿಂದ ಅತ್ತೆ ಕರೆತಂದಳು ಎಂದು ನೋರಾ ಸಾಯುವವರೆಗೂ ಹೇಳುತ್ತಿದ್ದರಂತೆ. ಪ್ರತಿ ನವೆಂಬರಿನಲ್ಲಿ ಅಪ್ಪ ಪ್ಯಾಟ್ರಿಕ್ ಡರ್ಕನ್ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಮಾಡಿಸುತ್ತಿದ್ದರು. ಅಜ್ಜಿಯ ನಂತರ ರೋಸ್‌ಮೇರಿ ಅದನ್ನು ನಡೆಸಿಕೊಂಡು ಬಂದರು.

೨೦೧೯ರಲ್ಲಿ ಮೊಮ್ಮಗನೊಬ್ಬ ಹುಟ್ಟುಹಬ್ಬದ ಉಡುಗೊರೆಯೆಂದು ಯಾರಿಂದಲೋ ವಂಶವೃಕ್ಷ ಮಾಡಿಸಿಕೊಟ್ಟ. ಅದರ ಪ್ರಕಾರ ಪ್ಯಾಟ್ರಿಕ್ ಸತ್ತೇ ಇರಲಿಲ್ಲ. ಹೆಂಡತಿ ಬ್ರಿಜೆಟ್ ಬಾಣಂತನದಲ್ಲಿ ತೀರಿಕೊಂಡ ಮೇಲೆ ಮಗಳನ್ನು ಅಮೆರಿಕಕ್ಕೆ ಸಾಗಹಾಕಿ, ಮೇರಿ ಎಂಬುವಳನ್ನು ಮದುವೆಯಾಗಿ, ಆರು ಮಕ್ಕಳನ್ನು ಪಡೆದು, ಅದೇ ಹೊಲ ಉತ್ತುಕೊಂಡು ೧೯೨೧ರವರೆಗೆ ಬದುಕಿದ್ದ. ಪುರಾವೆ ಎರಡು. ೧೯೦೧ರ ಗಣತಿಯಲ್ಲಿ ಅದೇ ಹಳ್ಳಿಯ ಪ್ಯಾಟ್ರಿಕ್ ಡರ್ಕನ್, ಹೆಂಡತಿ ಮೇರಿ, ಆರು ಮಕ್ಕಳು. ಮತ್ತು ಜಮೀನಿನ ಕಂದಾಯದ ಪುಸ್ತಕದಲ್ಲಿ ೧೯೨೧ರವರೆಗೂ ಅವನದೇ ಹೆಸರು.

ಆ ಉಡುಗೊರೆ ಬಂದ ವರ್ಷದಿಂದ ರೋಸ್‌ಮೇರಿ ಪೂಜೆ ನಿಲ್ಲಿಸಿದರು. ಗೋಡೆಯ ಮೇಲಿದ್ದ ಅಜ್ಜಿಯ ಫೋಟೋವನ್ನು ಡ್ರಾಯರಿನಲ್ಲಿಟ್ಟರು. ಅಜ್ಜಿ ಸುಳ್ಳು ಹೇಳಿದರೆಂಬ ಸಿಟ್ಟಿಗಲ್ಲ, ಆ ಮುಖ ನೋಡಲಾಗದೆ. ಈ ವರ್ಷದ ಮಾರ್ಚಿನಲ್ಲಿ ಸಂಸ್ಥೆಗೆ ಒಂದು ಕಾಗದ ಬರೆದರು. ಅಜ್ಜಿ ಅವರಪ್ಪನಿಗೆ ಬೇಡವಾದ ಮಗುವಾಗಿದ್ದಳೇ, ಕಣ್ಣು ಮುಚ್ಚುವ ಮೊದಲು ನನಗೆ ಗೊತ್ತಾಗಬೇಕು, ಅಷ್ಟೇ. ಆ ಕಾಗದ ವರಲಕ್ಷ್ಮಿಯವರ ಮೇಜಿಗೆ ಬಂತು.

"ಜಮೀನಿನ ಪುಸ್ತಕ ನೋಡ್ತಿದ್ದ ಹಾಗೇ ನಂಗೆ ನಗು ಬಂತು" ಎನ್ನುತ್ತಾರೆ ಅವರು. "೧೮೮೬ರಿಂದ ೧೯೨೧ರವರೆಗೆ, ಮೂವತ್ತೈದು ವರ್ಷ, ಒಂದೇ ಹೆಸರು, ಒಂದು ಗೀಟು ಬಿದ್ದಿಲ್ಲ. ಮೊದ್ಲು ಹುಡುಕಿದೋರು ಅದನ್ನ ನೋಡಿ, ಆಸಾಮಿ ಗಟ್ಟಿಮುಟ್ಟಾಗಿದ್ದ ಅಂದ್ಕೊಂಡಿದಾರೆ. ರೆಕಾರ್ಡ್ ರೂಮಲ್ಲಿ ಕೂತವರನ್ನ ಕೇಳಿ. ಹೆಸರು ಅಷ್ಟು ವರ್ಷ ಅಲ್ಲಾಡ್ದೆ ಇದ್ರೆ, ಆ ಮನುಷ್ಯ ಸತ್ತು ಯಾವ ಕಾಲ ಆಯ್ತೋ ಅಂತ ಅರ್ಥ."

ನಮ್ಮಲ್ಲಿ ಹೊಲದ ಯಜಮಾನ ಸತ್ತರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಬೇಕು. ಯಾರು ಮಾಡಿಸುತ್ತಾರೆ? ಅಲೆದಾಟ, ಅಣ್ಣತಮ್ಮಂದಿರ ತಕರಾರು, ಬಿಡು ಆಮೇಲೆ ನೋಡಿಕೊಳ್ಳೋಣ ಎಂಬ ಮಾತು. ಸತ್ತವರ ಹೆಸರಿನಲ್ಲೇ ಕಂದಾಯ ಕಟ್ಟಿಕೊಂಡು ಮೂರು ತಲೆಮಾರು ಉಂಡಿರುತ್ತದೆ. ಮಳವಳ್ಳಿಯಲ್ಲಿ ವರಲಕ್ಷ್ಮಿಯವರು ದಿನಾ ಬಿಡಿಸುತ್ತಿದ್ದುದು ಇದೇ ಗಂಟನ್ನು. ನಿಮ್ಮ ಮನೆಯದು ಆಗಿದೆಯೇ ಎಂದು ಕೆಣಕಿದೆ. ಬಾಗಿಲಲ್ಲಿ ನಿಂತಿದ್ದ ಹರಿಪ್ರಸಾದರು, "ಇವಳ ತಾತನ ಹೆಸರಲ್ಲೇ ಇದೆ ಇನ್ನೂ" ಎಂದು ಹೇಳಿ ಕಾಫಿ ಲೋಟದೊಂದಿಗೆ ಮಾಯವಾದರು.

ಹಾಗಾದರೆ ಗಣತಿಯ ಪ್ಯಾಟ್ರಿಕ್ ಯಾರು? ಅಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು ಇಡುತ್ತಾರೆ, ನಮ್ಮಲ್ಲಿ ತಾತನ ಹೆಸರಿಟ್ಟ ಹಾಗೆ. ತಾತನಾದ ಹಿರಿಯ ಪ್ಯಾಟ್ರಿಕ್‌ನಿಗೆ ಥಾಮಸ್, ಜಾನ್ ಎಂದು ಇಬ್ಬರು ಮಕ್ಕಳಿದ್ದರೆ ಇಬ್ಬರ ಮನೆಯಲ್ಲೂ ಒಬ್ಬೊಬ್ಬ ಪ್ಯಾಟ್ರಿಕ್. ವರಲಕ್ಷ್ಮಿಯವರು ಎರಡೂ ಮದುವೆಯ ದಾಖಲೆಗಳನ್ನು ತೆಗೆದರು. ಬ್ರಿಜೆಟ್‌ಳನ್ನು ಮದುವೆಯಾದವನ ಅಪ್ಪ ಥಾಮಸ್. ಮೇರಿಯನ್ನು ಮದುವೆಯಾದವನ ಅಪ್ಪ ಜಾನ್. ಆರು ಮಕ್ಕಳ ತಂದೆ ನೋರಾಳ ಅಪ್ಪನಲ್ಲ, ಅವನ ದಾಯಾದಿ; ಅವನ ಹೊಲವೇ ಬೇರೆ.

ಆದರೆ ಇವನಲ್ಲ ಎಂದ ಮಾತ್ರಕ್ಕೆ ಅವನು ಸತ್ತನೆಂದು ಆಗುವುದಿಲ್ಲ. ಆ ತಾಲ್ಲೂಕಿನ ಸಾವಿನ ಪುಸ್ತಕಗಳಲ್ಲಿ ಪ್ಯಾಟ್ರಿಕ್ ಇರಲಿಲ್ಲ. ಎಂಟು ವಾರ ಹುಡುಕಿದರು. ಕೊನೆಗೆ ಅತ್ತೆ ಆನ್ ಪಕ್ಕದ ತಾಲ್ಲೂಕಿನ ಪೇಟೆಯಲ್ಲಿ ಮನೆಗೆಲಸಕ್ಕಿದ್ದಳು ಎಂಬ ಸುಳಿವು ಹಡಗಿನ ಪಟ್ಟಿಯಲ್ಲಿ ಸಿಕ್ಕಿತು. ಕಾಯಿಲೆಯಾದವನು ತಂಗಿ ಇರುವ ಊರಿನ ಆಸ್ಪತ್ರೆಗೆ ಹೋಗಿರಬಹುದಲ್ಲವೇ? ಅಲ್ಲಿನ ಗುಮಾಸ್ತೆಯನ್ನು ನಾಲ್ಕು ವರ್ಷದ ಪುಸ್ತಕ ತೆಗೆದು ನೋಡುವಂತೆ ಬೇಡಿಕೊಂಡಿದ್ದಾರೆ. ಸಿಕ್ಕರೆ ಈ ಬೆಳಿಗ್ಗೆ ಕಳಿಸುತ್ತೇನೆ ಎಂದಿದ್ದಾಳಂತೆ.

ಐದೂ ನಲವತ್ತಕ್ಕೆ ಮೇಲ್ ಬರುತ್ತದೆ. ವರಲಕ್ಷ್ಮಿಯವರು ತಕ್ಷಣ ತೆರೆಯುವುದಿಲ್ಲ. ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ಹೊರಗೆ ಕೊಳದ ಮಂಜು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತಿದೆ. ಪುಟ ತೆರೆದುಕೊಂಡಾಗ ಇಬ್ಬರೂ ಪರದೆಯತ್ತ ಬಾಗಿ ಓದುತ್ತೇವೆ. ಪ್ಯಾಟ್ರಿಕ್ ಡರ್ಕನ್. ೧೪ ಫೆಬ್ರವರಿ ೧೮೯೨. ನೋರಾಳ ಹಳ್ಳಿಯದೇ ವಿಳಾಸ. ರೈತ. ವಿಧುರ. ಎಂಟು ತಿಂಗಳಿನಿಂದ ಕ್ಷಯ. ವಯಸ್ಸು ನಲವತ್ತು ಎಂದಿದೆ, ಮದುವೆಯ ದಾಖಲೆಯ ಲೆಕ್ಕದಲ್ಲಿ ಮೂವತ್ತೈದು. ಕೊನೆಯ ಕಾಲಮ್ಮಿನಲ್ಲಿ: ಆನ್ ಡರ್ಕನ್, ತಂಗಿ, ಸಾವಿನ ವೇಳೆ ಹಾಜರಿದ್ದಳು. ಸಹಿಯ ಜಾಗದಲ್ಲಿ ಅಕ್ಷರ ಬಾರದವಳ ಕತ್ತರಿ ಗುರುತು.

ವರಲಕ್ಷ್ಮಿಯವರು ಅಳುತ್ತಿದ್ದಾರೆ. ನಾನೂ ಕಣ್ಣೊರೆಸಿಕೊಂಡೆ, ಯಾರ ಮನೆಯ ಪ್ಯಾಟ್ರಿಕ್ಕೋ ಏನೋ.

ಏಳು ಗಂಟೆಗೆ, ರೋಸ್‌ಮೇರಿ ಎದ್ದಿರುತ್ತಾರೆಂದು ಖಾತ್ರಿಯಾದ ಮೇಲೆ, ಫೋನ್ ಮಾಡುತ್ತಾರೆ. ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದೊಂದೇ ಕಾಲಮ್ಮು ಓದಿ ಹೇಳುತ್ತಾರೆ. ಆಮೇಲೆ ಸ್ಪೀಕರಿನಲ್ಲಿ ಒಂದು ಸಣ್ಣ ದನಿ ಕೇಳುತ್ತದೆ:

"ಅವನು ಒಬ್ಬನೇ ಇರಲಿಲ್ಲ, ಅಲ್ಲವೇ?"

"ಇರಲಿಲ್ಲ. ತಂಗಿ ಜೊತೆಗಿದ್ದಳು. ಮರುವರ್ಷ ಅವನ ಮಗಳನ್ನು ಕರೆದುಕೊಂಡು ಹಡಗು ಹತ್ತಿದಳು."

"ಹೊಲ ಅವನ ಹೆಸರಿನಲ್ಲೇ ಇತ್ತಲ್ಲ. ನೋರಾ ಎಂದಾದರೂ ವಾಪಸ್ ಬರುತ್ತಾಳೆಂದು ಇಟ್ಟಿದ್ದರೇ?"

ಇಲ್ಲಿ ಹೌದು ಎಂದುಬಿಡುವುದು ಎಷ್ಟು ಸುಲಭ. ನಾನಾಗಿದ್ದರೆ ಅಂದೇಬಿಡುತ್ತಿದ್ದೆ. ವರಲಕ್ಷ್ಮಿಯವರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ: "ಅದು ದಾಖಲೆಯಲ್ಲಿಲ್ಲ. ನಾನು ಹೇಳಲಾರೆ. ನೀವು ಹಾಗೆ ನಂಬಿದರೆ ತಪ್ಪು ಎನ್ನಲು ನನ್ನ ಬಳಿ ಕಾಗದವೂ ಇಲ್ಲ."

ರೋಸ್‌ಮೇರಿ ನಗುತ್ತಾರೆ, ಅಥವಾ ಅಳುತ್ತಾರೆ. ಫೋನಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಯಾರನ್ನೋ ಕರೆದು, ಡ್ರಾಯರ್ ತೆಗೆಯಲು ಹೇಳುತ್ತಿರುವುದು ಕೇಳಿಸುತ್ತದೆ. ಲೈನ್ ಕಟ್ಟಾಗುತ್ತದೆ.

ಬಿಸಿಲು ಕೋಣೆಯೊಳಗೆ ಬಂದಿದೆ. ವರಲಕ್ಷ್ಮಿಯವರು ಮುಂದಿನ ಮನೆತನದ ಫೈಲು ತೆರೆಯುತ್ತಾರೆ. ಕೈ ಮಾತ್ರ ಮುಂದೆ ಹೋಗುವುದಿಲ್ಲ.

"ಹದಿನೈದು ವರ್ಷ ಖಾತೆಯಿಂದ ಸತ್ತವರ ಹೆಸರು ತೆಗೆದಿದೀನಿ" ಎನ್ನುತ್ತಾರೆ. "ಒಬ್ರೂ ಒಂದು ಒಳ್ಳೆ ಮಾತಾಡಿರ್ಲಿಲ್ಲ. ಇವತ್ತು ಒಬ್ಬ ವಯಸ್ಸಾದೋರಿಗೆ ಫೋನ್ ಮಾಡಿ, ನಿಮ್ಮ ಮುತ್ತಜ್ಜ ನಿಜವಾಗ್ಲೂ ಸತ್ತಿದ್ದ ಅಂತ ಹೇಳ್ದೆ. ಅವರಿಗೆ ಎಷ್ಟು ಸಮಾಧಾನ ಆಯ್ತು, ಕೇಳಿದ್ರಲ್ಲ."