ಹೀಟ್‌ಸಿಂಕ್ ಮಾಡುತ್ತಿದ್ದ ಫೋರ್‌ಮನ್ನರು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಜೀವಮಾನವೆಲ್ಲ ಅರ ಹಿಡಿದು, ಉಜ್ಜಿದ ಲೋಹದ ಮೇಲೆ ಬೆರಳಾಡಿಸಿ ನುಣುಪು ನೋಡಿ ನೋಡಿ, ಆ ಬೆರಳ ತುದಿ ಹಳೆಯ ಬಕೆಟ್ಟಿನ ಹಿಡಿಯ ಹಾಗೆ ಸವೆದು ಮಿರುಗುತ್ತಿತ್ತು. ವೈಟ್‌ಫೀಲ್ಡಿನ ನಮ್ಮ ಆಫೀಸಿನ ಗೇಟಿನಲ್ಲಿ ಹೊರಗಿನಿಂದ ಬಂದವರು ಒಂದು ಗಾಜಿನ ಮೇಲೆ ಬೆರಳೊತ್ತಬೇಕು. ಅವರು ಒತ್ತಿದರೆ ಯಂತ್ರ ಕೆಂಪು ದೀಪ ಹಚ್ಚಿ ಕೀ ಎನ್ನುತ್ತಿತ್ತು.

"ಇನ್ನೊಂದ್ಸಲ ಒತ್ತಿ ಅಂಕಲ್, ಗಟ್ಟಿಯಾಗಿ" ಎನ್ನುತ್ತಿದ್ದ ಸೆಕ್ಯೂರಿಟಿಯವನು.

"ಎಷ್ಟು ಒತ್ತಿದ್ರೂ ಅಷ್ಟೇ ಕಣಪ್ಪ. ರೇಷನ್ ಅಂಗಡಿ ಮಿಷನ್ನೂ ನನ್ನನ್ನ ಒಪ್ಪಲ್ಲ, ನಿಂದೂ ಒಪ್ಪಲ್ಲ. ನಮ್ಮ ಹುಡುಗೀನ ಕರಿ, ಅವಳು ಒಪ್ತಾಳೆ."

ನಾನು ನಾಲ್ಕನೇ ಮಹಡಿಯಿಂದ ಇಳಿದು ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಿ ಅವರನ್ನು ಒಳಗೆ ಕರೆದುಕೊಂಡು ಹೋಗುತ್ತಿದ್ದೆ. ನಲವತ್ತು ದಾಟಿದ ನನ್ನನ್ನು ಹುಡುಗಿ ಎನ್ನಲು ಆ ಊರಿನಲ್ಲಿ ಇದ್ದವರು ಅವರೊಬ್ಬರೇ.

ನನ್ನ ಕೆಲಸ ಕಂಪ್ಯೂಟರುಗಳನ್ನು ತಣ್ಣಗಿಡುವುದು. ಹೀಗೆಂದರೆ ನೆಂಟರಿಷ್ಟರು ನಗುತ್ತಾರೆ, ಫ್ರಿಜ್ಜಿನಲ್ಲಿ ಇಟ್ಟರಾಯಿತಲ್ಲ ಎನ್ನುತ್ತಾರೆ. ಸರ್ವರಿನ ಒಳಗಿರುವ ಪ್ರೊಸೆಸರ್ ಉಗುರಿನಷ್ಟಗಲದ ಚೂರು, ಆದರೆ ಕುಡಿಯುವ ಕರೆಂಟೆಲ್ಲ ಅದರಲ್ಲಿ ಬಿಸಿಯಾಗಿಯೇ ಹೊರಗೆ ಬರಬೇಕು. ಅದರ ನೆತ್ತಿಯ ಮೇಲೆ ಒಂದು ಅಲ್ಯೂಮಿನಿಯಂ ಗಟ್ಟಿ ಕೂರಿಸುತ್ತೇವೆ. ಗಟ್ಟಿಯ ಮೇಲೆ ತೆಳ್ಳನೆಯ ರೆಕ್ಕೆಗಳ ಸಾಲು, ಆ ರೆಕ್ಕೆಗಳ ನಡುವೆ ಗಾಳಿ ನುಗ್ಗಿಸಲು ಫ್ಯಾನು. ಅದೇ ಹೀಟ್‌ಸಿಂಕ್. ನಾವು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು. ಮಾದರಿಗಳನ್ನು ಕಡೆದು ಕೊಡುತ್ತಿದ್ದವರು ಇವರು, ಪೀಣ್ಯದ ಒಂದು ಸಣ್ಣ ಶೆಡ್ಡಿನ ಮಾಲೀಕರು. ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫೋರ್‌ಮನ್ ಆಗಿದ್ದು, ಅದು ಮುಚ್ಚುವ ಹೊತ್ತಿಗೆ ಸ್ವಯಂ ನಿವೃತ್ತಿ ತೆಗೆದುಕೊಂಡು ಎರಡು ಮಿಷನ್ ಹಾಕಿಕೊಂಡಿದ್ದರು. ಸ್ವಂತ ಶೆಡ್ಡಾದರೂ ಪೀಣ್ಯದಲ್ಲಿ ಎಲ್ಲರಿಗೂ ಅವರು ಫೋರ್‌ಮನ್ನರೇ.

ಮೊದಲ ದಿನ ನನ್ನ ಡ್ರಾಯಿಂಗನ್ನು ಮೇಜಿನ ಮೇಲೆ ಹರಡಿ, ಕನ್ನಡಕವನ್ನು ಹಣೆಗೇರಿಸಿ, ಬಹಳ ಹೊತ್ತು ನೋಡಿದರು. "ಯಾರು ಬರ್ದಿದ್ದು ಇದನ್ನ?"

"ನಾನೇ ಸಾರ್."

"ಈ ಮೂಲೆಗೆ ಟೂಲು ಹೆಂಗೆ ಹೋಗ್ಬೇಕು ಹೇಳಿ ಮೇಡಂ? ಇಲಿ ಹಿಡ್ಕೊಂಡು ಕಡಿಸ್ಲಾ?"

ನಾನು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅಪ್ಪ ಇಂಥದೇ ಇನ್ನೊಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು ಎಂದು ತಿಳಿದ ಮೇಲೆ ಬಹುವಚನ ಬಿಟ್ಟರು. ಆಮೇಲೆ ಬೈಗುಳಕ್ಕೆ ಬಿಡುವೇ ಇರಲಿಲ್ಲ. ಹೀಟ್‌ಸಿಂಕನ್ನು ಬಿಸಿಯಾಗಿಸಿ ಪರೀಕ್ಷಿಸುವಾಗ ನಾನು ಮೀಟರು ಹಿಡಿಯಲು ಹೋದರೆ ಕೈ ತಳ್ಳುತ್ತಿದ್ದರು. "ಮುಟ್ಟಿ ನೋಡು ಮೊದ್ಲು. ಮೀಟರ್ ಆಮೇಲೆ." ನನ್ನ ಕೈ ಚುರ್ ಎಂದು ಹಿಂದೆ ಬರುತ್ತಿತ್ತು. ಅವರು ಮಾತ್ರ ಆ ಸವೆದ ಬೆರಳನ್ನು ರೆಕ್ಕೆಯಿಂದ ರೆಕ್ಕೆಗೆ ಸರಿಸುತ್ತ, ಬಿಸಿ ಎಲ್ಲಿ ನಿಂತಿದೆ ಎಂದು ಹೇಳಿಬಿಡುತ್ತಿದ್ದರು. ಆಮೇಲೆ ಮೀಟರಿಟ್ಟು ನೋಡಿದರೆ ಅಲ್ಲೇ ಇರುತ್ತಿತ್ತು.

ಒಂದು ಸಲ ಕಾಫಿ ಕುಡಿಯುತ್ತ ಕಾರ್ಖಾನೆಯ ಸಲಹಾ ಪೆಟ್ಟಿಗೆಯ ಕತೆ ಹೇಳಿದರು. ಕೆಲಸಗಾರರು ಏನಾದರೂ ಸುಧಾರಣೆ ತೋಚಿದರೆ ಚೀಟಿ ಬರೆದು ಆ ಪೆಟ್ಟಿಗೆಗೆ ಹಾಕಬೇಕು. ಫೋರ್‌ಮನ್ನರು ಗೇರುಗಳನ್ನು ಹಿಡಿದಿಡುವ ಒಂದು ಹೊಸ ಹಿಡಿಕೆಯ ಚಿತ್ರ ಬರೆದು ಹಾಕಿದರಂತೆ. ಮೂರು ತಿಂಗಳ ಮೇಲೆ ಸಭೆ ಸೇರಿಸಿ, ಆ ಹಿಡಿಕೆಗಾಗಿ ಅವರ ಮೇಲಧಿಕಾರಿಗೆ ಪ್ರಶಸ್ತಿಪತ್ರ ಮತ್ತು ಗೋಡೆ ಗಡಿಯಾರ ಕೊಟ್ಟರಂತೆ.

"ನೀವೇನ್ ಮಾಡಿದ್ರಿ?"

"ಚಪ್ಪಾಳೆ ತಟ್ಟಿದೆ. ಎಲ್ರಿಗಿಂತ ಜೋರಾಗಿ ತಟ್ಟಿದೆ ಕಣಮ್ಮ. ಇಲ್ಲಾಂದ್ರೆ ಹೊಟ್ಟೆಕಿಚ್ಚು ಅಂತಾರಲ್ಲ."

ನಗುತ್ತಲೇ ಹೇಳಿದರು. ಆದರೆ ಲೋಟ ಕೆಳಗಿಟ್ಟು, "ಗಡಿಯಾರ ಯಾರಿಗೆ ಬೇಕಿತ್ತು, ಹೆಸರು ಕೂಗ್ಬೋದಿತ್ತು" ಎಂದರು. ಅದಾದ ಮೇಲೆ ಆ ಪೆಟ್ಟಿಗೆಗೆ ಅವರು ಚೀಟಿ ಹಾಕಲಿಲ್ಲವಂತೆ.

ನಮಗೆ ಕಷ್ಟ ಬಂದದ್ದು ಧೂಳಿನಿಂದ. ನಮ್ಮ ಸರ್ವರುಗಳು ಆಗ ಗಾರ್ಮೆಂಟ್ ಫ್ಯಾಕ್ಟರಿಗಳಿಗೆ, ನೂಲಿನ ಗಿರಣಿಗಳಿಗೆ ಹೋಗಲು ಶುರುವಾಗಿದ್ದವು. ಕೆಲವೇ ತಿಂಗಳಲ್ಲಿ ಮಿಷನ್ ನಿಧಾನವಾಯಿತು ಎಂದು ದೂರು ಬರತೊಡಗಿತು. ಪ್ರೊಸೆಸರ್ ತೀರಾ ಕಾದರೆ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಹೀಟ್‌ಸಿಂಕಿನ ಮುಂಭಾಗಕ್ಕೆ ಹತ್ತಿಯ ಎಳೆಗಳು ಕಂಬಳಿಯ ಹಾಗೆ ಮುಚ್ಚಿಕೊಂಡಿದ್ದವು. ಫ್ಯಾನಿನ ವೇಗ ಹೆಚ್ಚಿಸಿದೆವು. ಕರೆಂಟು ಜಾಸ್ತಿ ತಿಂದಿತು, ಗಾಳಿಯ ಜೊತೆ ಧೂಳನ್ನೂ ಜಾಸ್ತಿ ಎಳೆಯಿತು. ಆ ವರ್ಷ ನನ್ನ ಪ್ರಮೋಷನ್ನೂ ಈ ಒಂದು ಕೆಲಸದ ಮೇಲೆ ನಿಂತಿತ್ತು. ತಲೆ ಕೆಟ್ಟು, ಧೂಳು ಕಟ್ಟಿದ ಹೀಟ್‌ಸಿಂಕುಗಳನ್ನೆಲ್ಲ ಚೀಲಕ್ಕೆ ತುಂಬಿ ಪೀಣ್ಯಕ್ಕೆ ಹೊತ್ತೊಯ್ದೆ.

"ಫ್ಯಾನ್ ದೊಡ್ಡದು ಮಾಡೋದು ಸೋತೋರ ಕೆಲಸ" ಎಂದರು ಫೋರ್‌ಮನ್ನರು. ಚೀಲವನ್ನು ಅಲ್ಲೇ ಬಿಟ್ಟು ಹೋಗಲು ಹೇಳಿದರು.

ಹತ್ತು ದಿನದ ಮೇಲೆ ಫೋನ್ ಮಾಡಿ ಕರೆದರು. ಹೋದರೆ ಜೇಬಿನಿಂದ ಎರಡು ಬಾಚಣಿಗೆ ತೆಗೆದು ಮೇಜಿನ ಮೇಲಿಟ್ಟರು. ಒಂದು ಹೇನು ತೆಗೆಯುವ ಬಾಚಣಿಗೆ, ಇನ್ನೊಂದು ಅಗಲ ಹಲ್ಲಿನದು. ಎರಡೂ ಮನೆಯಾಕೆಯವು.

"ನೋಡು. ಕೂದಲು ಎಲ್ಲಿ ಸಿಕ್ಕಾಕ್ಕೊಳತ್ತೆ? ಎರಡು ಹಲ್ಲಿಗೂ ಒಟ್ಟಿಗೆ ಆತ್ಕೊಂಡಾಗ. ನಿನ್ನ ರೆಕ್ಕೆಗಳೆಲ್ಲ ಒಂದೇ ಗೆರೇಲಿ ಮುಗೀತವೆ. ಎಳೆ ಬಂದು ಸೇತುವೆ ಕಟ್ಟತ್ತೆ. ಒಂದು ರೆಕ್ಕೆ ಮುಂದೆ, ಒಂದು ಹಿಂದೆ ಮಾಡು. ಮೂತೀನ ಓರೆಯಾಗಿ ಕುಯ್ಯಿ. ಎಳೆಗೆ ಆತ್ಕೊಳ್ಳೋಕೆ ಜಾಗ ಇಲ್ದೆ ಜಾರಿ ಕೆಳಗೆ ಬೀಳತ್ತೆ."

ಆಗಲೇ ಒಂದನ್ನು ಕಡೆದಿಟ್ಟಿದ್ದರು. ಪಕ್ಕದ ಬನಿಯನ್ ಕಾರ್ಖಾನೆಯ ನೂಲಿನ ಧೂಳನ್ನು ಗೋಣಿಯಲ್ಲಿ ತರಿಸಿ, ಒಂದು ರಟ್ಟಿನ ಡಬ್ಬದಲ್ಲಿ ಫ್ಯಾನಿಟ್ಟು ಪರೀಕ್ಷೆಯನ್ನೂ ಮಾಡಿ ಮುಗಿಸಿದ್ದರು. ನಮ್ಮ ಲ್ಯಾಬಿಗೆ ತಂದು ವಾರಗಟ್ಟಲೆ ಓಡಿಸಿದೆ. ಫ್ಯಾನು ಮೊದಲಿಗಿಂತ ನಿಧಾನ ತಿರುಗಿದರೂ ಪ್ರೊಸೆಸರ್ ವೇಗ ತಗ್ಗಿಸಲಿಲ್ಲ. ಖುಷಿಯಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಮಾರನೆಯ ದಿನ ಶೆಡ್ಡಿಗೆ ಹೋಗಿ, "ಸಾರ್, ಇದಕ್ಕೆ ಪೇಟೆಂಟ್ ಹಾಕ್ತೀವಿ. ನಿಮ್ಮ ಹೆಸರೇ ಮೊದಲು" ಎಂದೆ.

ಅವರು ಕೈ ಒರೆಸಿಕೊಂಡರು. ಹಳೆಯ ಡೆಲಿವರಿ ಚಲನ್ ಒಂದರ ಬೆನ್ನಿಗೆ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದುಕೊಟ್ಟರು. "ಎರಡು ಇನಿಷಿಯಲ್ಲೂ ಬರ್ಬೇಕು. ಒಂದು ಊರು, ಒಂದು ಅಪ್ಪ. ತಪ್ಪಾದ್ರೆ ಬೇರೆ ಯಾರೋ ಆಗ್ಬಿಡ್ತೀನಿ."

ನಮ್ಮಲ್ಲಿ ಸಂಶೋಧನೆಯನ್ನು ದಾಖಲಿಸಲು ಆನ್‌ಲೈನ್ ಫಾರಂ ಇದೆ. ಸಂಶೋಧಕರ ಹೆಸರಿನ ಪಕ್ಕ ನೌಕರರ ಸಂಖ್ಯೆ ಕೇಳುತ್ತದೆ. ಅದನ್ನು ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಅವರಿಗೆ ಸಂಖ್ಯೆ ಎಲ್ಲಿಂದ ತರಲಿ? ಕಂಪನಿಯ ವಕೀಲರಿಗೆ ಫೋನ್ ಮಾಡಿದೆ. ಆಕೆ ಒಳ್ಳೆಯವರು, ತಾಳ್ಮೆಯಿಂದ ವಿವರಿಸಿದರು. ಹೊರಗಿನವರಾದರೆ ಅವರೊಡನೆ ಒಪ್ಪಂದವಾಗಬೇಕು, ಹಕ್ಕು ಬರೆಸಿಕೊಳ್ಳಬೇಕು, ನಾಲ್ಕೈದು ತಿಂಗಳಾದರೂ ಬೇಕು. "ನಿಮ್ಮ ಪ್ರಮೋಷನ್ ಸೈಕಲ್ ಈ ತಿಂಗಳು ಮುಗಿಯುತ್ತಲ್ಲ? ಅವರು ನೀವು ಹೇಳಿದ್ದನ್ನ ಕಡೆದುಕೊಟ್ಟಿದ್ದಷ್ಟೇ ಆಗಿದ್ದರೆ ಹೆಸರು ಬೇಕಾಗಿಲ್ಲ. ಅಷ್ಟೇನಾ?"

ಅಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಎರಡು ಬಾಚಣಿಗೆಯೂ ಕಣ್ಣ ಮುಂದಿದ್ದವು. "ಹೌದು, ಅಷ್ಟೇ. ಬಿಡಿ" ಎಂದೆ. ಬೇರೆ ಯಾರೂ ಈ ಸಂಶೋಧನೆಯಲ್ಲಿ ಪಾಲುದಾರರಲ್ಲ ಎಂಬ ಹೇಳಿಕೆಯ ಕೆಳಗೆ ಸಹಿ ಮಾಡಿದೆ. ನನ್ನ ಹೆಸರು, ಪೀಣ್ಯದ ಮುಖವನ್ನೇ ನೋಡದ ನನ್ನ ಮ್ಯಾನೇಜರ ಹೆಸರು, ಗ್ರಾಫು ಮಾಡಿಕೊಟ್ಟ ಇನ್ನೊಬ್ಬನ ಹೆಸರು ಹೋದವು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಎರಡು ನಿಮಿಷದ ಕೆಲಸ, ನಾನೇ ಮಾಡಿದೆ.

ಆಮೇಲೆ ಅವರು ಆಗಾಗ ಕೇಳುತ್ತಿದ್ದರು. ಒತ್ತಾಯವೇನಿಲ್ಲ, ಅಷ್ಟೇನೂ ಮುಖ್ಯವಲ್ಲ ಎಂಬ ಹಾಗೆ, ಬೇರೆ ಮಾತಿನ ಕೊನೆಯಲ್ಲಿ. "ಅದೇನೋ ಪೇಪರ್ ಬರ್ಬೇಕು ಅಂದಿದ್ಯಲ್ಲ, ಬಂತಾ?" ಇಂಥದ್ದಕ್ಕೆಲ್ಲ ವರ್ಷಗಟ್ಟಲೆ ಹಿಡಿಯುತ್ತೆ ಸಾರ್ ಎನ್ನುತ್ತಿದ್ದೆ. ಅದು ನಿಜವೇ ಆದ್ದರಿಂದ ಬಾಯಿಗೆ ಸಲೀಸಾಗಿ ಬರುತ್ತಿತ್ತು. ಪೇಟೆಂಟ್ ಕೈಗೆ ಬಂದ ಮೇಲೂ ಅದನ್ನೇ ಹೇಳಿದೆ.

ನಮ್ಮ ಕಂಪನಿ ವರ್ಷಕ್ಕೊಮ್ಮೆ ಸಾಮಾನು ಒದಗಿಸುವವರನ್ನೆಲ್ಲ ಕರೆದು ಊಟ ಹಾಕುತ್ತದೆ. ಆ ವರ್ಷ ಫೋರ್‌ಮನ್ನರನ್ನೂ ಕರೆದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೆಟ್ರೋ ಬದಲಿಸಿ, ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಗೇಟಿನಿಂದ ಕರೆದುಕೊಂಡು ಬಂದವಳು ನಾನೇ. ಮೊದಲ ಮಹಡಿಯ ಹಜಾರದ ಗೋಡೆಗೆ ಪೇಟೆಂಟುಗಳ ಹಿತ್ತಾಳೆ ಫಲಕಗಳನ್ನು ಹೊಡೆದಿರುತ್ತಾರೆ. ದಿನವೂ ಅದರ ಮುಂದೆ ಓಡಾಡುವ ನನಗೆ ಅದು ಗೋಡೆಯಾಗಿಬಿಟ್ಟಿತ್ತು, ನೆನಪೇ ಆಗಲಿಲ್ಲ.

ಅವರು ನಿಂತರು. ಫಲಕದ ಮೇಲೆ ಅವರ ಹೀಟ್‌ಸಿಂಕಿನ ಚಿತ್ರವಿತ್ತು. ಉದ್ದ ರೆಕ್ಕೆ, ಗಿಡ್ಡ ರೆಕ್ಕೆ, ಓರೆ ಮೂತಿ. ಕನ್ನಡಕ ಹಣೆಗೇರಿಸಿ ಕೆಳಗಿನ ಮೂರು ಹೆಸರುಗಳನ್ನು ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಚಿತ್ರ ಚೆನ್ನಾಗಿ ಬಂದಿದೆ" ಎಂದರು. "ಓರೆ ಸರಿಯಾಗಿ ತೋರ್ಸಿದಾರೆ."

ಮಧ್ಯಾಹ್ನ ಸಭಾಂಗಣದಲ್ಲಿ ಮ್ಯಾನೇಜರು ಧೂಳು ಹಿಡಿಯದ ಹೀಟ್‌ಸಿಂಕಿನ ಬಗ್ಗೆ ಮಾತಾಡಿ ನನ್ನನ್ನು ವೇದಿಕೆಗೆ ಕರೆದರು. ಮೂರನೇ ಸಾಲಿನಲ್ಲಿ ಫೋರ್‌ಮನ್ನರು ಚಪ್ಪಾಳೆ ತಟ್ಟುತ್ತಿದ್ದರು, ಎಲ್ಲರಿಗಿಂತ ಜೋರಾಗಿ. ಅಂದಿನ ನಾಚಿಕೆ ನನ್ನ ಮೈಯಿಂದ ಇನ್ನೂ ಹೋಗಿಲ್ಲ.

ಗೇಟಿನವರೆಗೆ ಬಿಡಲು ಹೋದೆ. "ಬರ್ತೀನಿ ಮೇಡಂ" ಎಂದರು.

ಮುಂದೆಯೂ ಕೆಲಸ ಮಾಡಿಕೊಟ್ಟರು. ಒಂದು ದಿನ ತಡ ಮಾಡಲಿಲ್ಲ, ಒಂದು ಅಳತೆ ತಪ್ಪಲಿಲ್ಲ. ಆದರೆ ಬೈಯಲಿಲ್ಲ. ನನ್ನ ಡ್ರಾಯಿಂಗಿನಲ್ಲಿ ತಪ್ಪಿದ್ದರೆ, "ಇಲ್ಲಿ ಹೆಂಗೆ ಬೇಕು ಹೇಳಿ ಮೇಡಂ, ನೀವು ಹೇಳ್ದಂಗೆ ಮಾಡ್ತೀವಿ" ಎನ್ನುತ್ತಿದ್ದರು. ಬಿಸಿಯಾದದ್ದನ್ನು ಮುಟ್ಟಿ ನೋಡು ಎಂದು ಮತ್ತೆಂದೂ ಹೇಳಲಿಲ್ಲ. ಮೀಟರನ್ನು ತಾವೇ ಒರೆಸಿ ನನ್ನ ಮುಂದೆ ಇಡುತ್ತಿದ್ದರು. ಕೆನ್ನೆಗೆ ಎರಡು ಬಾರಿಸಿದ್ದರೆ ತಡೆದುಕೊಳ್ಳಬಹುದಿತ್ತು.

ನಾನು ಮತ್ತೆ ವಕೀಲರನ್ನು ಕಂಡೆ. ಹೆಸರು ಸೇರಿಸಬಹುದು ಎಂದರು. "ಆದರೆ ನೀವು ತಪ್ಪು ಹೇಳಿಕೆ ಕೊಟ್ಟಿದ್ರಿ ಅಂತ ಬರೆದು ಸಹಿ ಮಾಡಬೇಕಾಗುತ್ತೆ. ಅದು ಎಲ್ಲಿಗೆ ಹೋಗಿ ನಿಲ್ಲುತ್ತೋ ನಾನು ಹೇಳಲಾರೆ." ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಎರಡು ವರ್ಷ ಯೋಚಿಸಿದೆ.

ಅಷ್ಟರಲ್ಲಿ ಅವರ ಕೆಮ್ಮು ಶುರುವಾಯಿತು. ಜೀವನವಿಡೀ ಕುಡಿದ ಲೋಹದ ಧೂಳು ಶ್ವಾಸಕೋಶದಲ್ಲಿ ಕೂತಿದೆ ಎಂದರಂತೆ ಡಾಕ್ಟರು. ಶೆಡ್ಡಿಗೆ ಬೀಗ ಬಿತ್ತು. ಟಿ. ದಾಸರಹಳ್ಳಿಯ ಅವರ ಮನೆಗೆ ಹೋದೆ. ಆಮ್ಲಜನಕದ ಮಿಷನ್ ಪಕ್ಕದಲ್ಲಿ, ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ಮನೆಯಾಕೆ ಕಾಫಿ ಮಾಡಲು ಒಳಗೆ ಹೋದಾಗ, ಇನ್ನು ತಡೆಯಲಾರದೆ, "ಸಾರ್, ಆ ಫಲಕದ ವಿಷಯ... ನನ್ನಿಂದ ದೊಡ್ಡ ತಪ್ಪಾಯ್ತು" ಎಂದೆ.

ಅವರು ಗಾಬರಿಯಾದರು. ಅಡುಗೆಮನೆಯ ಕಡೆ ನೋಡಿ ಕೈ ಅಡ್ಡ ಹಿಡಿದರು. "ಮೆಲ್ಲಗೆ ಮೇಡಂ. ಅವಳ ಮುಂದೆ ಆ ಮಾತು ಬೇಡ. ಕೈ ಮುಗೀತೀನಿ."

ನಾನು ತಲೆ ತಗ್ಗಿಸಿದೆ. ಅವರು ಉಸಿರು ಹಿಡಿದುಕೊಂಡು, "ಈಗ ಬಿಸಿ ಆಗ್ತಿಲ್ವಲ್ಲ ನಿಮ್ ಮಿಷನ್ನು?" ಎಂದು ಕೇಳಿದರು. ಇಲ್ಲ ಎಂದೆ. "ಸಾಕು ಬಿಡಿ" ಎಂದರು. ಅದೇ ಅವರ ಕೊನೆಯ ಮಾತು ನನ್ನ ಪಾಲಿಗೆ. ಮರುವಾರ ಹೋಗಿಬಿಟ್ಟರು.

ಹನ್ನೊಂದನೆಯ ದಿನಕ್ಕೆ ಹೋದೆ. ಊಟದ ಎಲೆ ತೆಗೆದ ಮೇಲೆ ಅವರ ಹೆಂಡತಿ ನನ್ನ ಕೈ ಹಿಡಿದು ಮೂಲೆಗೆ ಕರೆದರು.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕಮ್ಮ. ನಿಮ್ಮ ಆಫೀಸ್ ಗೋಡೆ ಮೇಲೆ ಹಿತ್ತಾಳೇಲಿ ಇವರ ಹೆಸರು ಕೆತ್ಸಿದಾರಂತಲ್ಲ. ಆವತ್ತು ಊಟಕ್ಕೆ ಹೋಗಿದ್ರಲ್ಲ, ಬಂದು ಹೇಳಿದ್ರು. ಎರಡು ಇನಿಷಿಯಲ್ಲೂ ಸರಿಯಾಗಿ ಬಂದಿದೆ ಕಣೇ, ಎಲ್ರೂ ಚಪ್ಪಾಳೆ ತಟ್ಟಿದ್ರು ಅಂದ್ರು. ಅದರದ್ದೊಂದು ಫೋಟೋ ಕಳಿಸ್ತೀರಾ? ಅವರ ಫೋಟೋ ಪಕ್ಕ ಇಡ್ತೀನಿ."

"ಕಳಿಸ್ತೀನಮ್ಮ" ಎಂದೆ.

ಆಕೆಯ ಫೋನ್ ಬಂದರೆ ಈಗ ನಾನು ಎತ್ತುವುದಿಲ್ಲ. ವಕೀಲರು ಹೇಳಿದ ಆ ಸಹಿಯನ್ನೂ ಮಾಡಿಲ್ಲ. ಇದನ್ನು ಬರೆಯಲು ಕುಳಿತಾಗ, ಇಲ್ಲಾದರೂ ಫೋರ್‌ಮನ್ನರ ಪೂರ್ತಿ ಹೆಸರನ್ನು ಬರೆದುಬಿಡಬೇಕು ಎಂದುಕೊಂಡಿದ್ದೆ. ಆಕೆಗೆ ಓದು ಬರಹ ಅಷ್ಟಾಗಿ ಇಲ್ಲ, ಆದರೆ ಹೆಸರು ಕಂಡರೆ ಯಾರಾದರೂ ಓದಿ ಹೇಳುತ್ತಾರೆ. ಗಂಡ ಮನೆಗೆ ಬಂದು ಹೇಳಿದ್ದು ಸುಳ್ಳೆಂದು ಆಗ ಗೊತ್ತಾಗುತ್ತದೆ. ಅದಕ್ಕೆ ಇಲ್ಲಿಯೂ ಅವರ ಹೆಸರು ಬಿಟ್ಟಿದ್ದೇನೆ.