ಒಂದೇ ಫೈಲಿನಲ್ಲಿ ಮೂರು ಊರು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ಮಲ್ಲಪ್ಪಕಾಕಾ. ಪದವಿಯ ಕೊನೆಯ ವರ್ಷ ನಾವು ಮೂವರು ಕೂಡಿ ಒಣ ಬೇಸಾಯದ ಮೇಲೆ ಒಂದು ಪ್ರೆಸೆಂಟೇಶನ್ ಕೊಡಬೇಕಿತ್ತು. ಅದರಲ್ಲಿ ಪಾಸಾಗದಿದ್ದರೆ ಪದವಿಯಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬರಿಗೈಯಲ್ಲಿ ಇಳಿದು ಬಂದರೆ ನನ್ನ ಹಿಂದಿನ ತಂಗಿಯರನ್ನು ಯಾರೂ ಹತ್ತಿಸುತ್ತಿರಲಿಲ್ಲ.

ನಾನು ಸನಮಡಿಯವಳು. ಸವಿತಾ ಗುಡ್ಡಾಪುರದವಳು. ಬೀರಪ್ಪ ಮುಚ್ಚಂಡಿಯ ಕುರಿ ಸಾಕುವ ಮನೆಯವನು. ಊರು ಮೂರೂ ಗಡಿಯ ಕನ್ನಡದವು, ಕಾಲೇಜು ಮರಾಠಿಯದು. ಕಾಲೇಜು ಬಿಟ್ಟ ಕೂಡಲೇ ಮೂರು ಬಸ್ಸು ನಮ್ಮನ್ನು ಮೂರು ಕಡೆ ಹೊತ್ತುಕೊಂಡು ಹೋಗುತ್ತಿದ್ದವು. ಕೂತು ಮಾತಾಡಲು ಹೊತ್ತೆಲ್ಲಿ? ಹಾಗಾಗಿ ಮೇಡಂ, ಆನ್‌ಲೈನಿನಲ್ಲಿ ಒಂದೇ ಫೈಲು ತೆರೆದು ಅವರವರ ಮನೆಯಿಂದಲೇ ಅದರಲ್ಲಿ ಬರೆಯಿರಿ ಎಂದರು. ನಾನು ಇದನ್ನು ಹೆಮ್ಮೆಯಿಂದ ಕಾಕಾನಿಗೆ ವಿವರಿಸಿದೆ.

“ಮೂರ ಊರಿನ ಮಂದಿ ಒಂದ ಹಾಳಿ ಮ್ಯಾಲ ಬರೀತೀರಿ? ಆಗೂದಿಲ್ಲ ಬಿಡವ್ವಾ,” ಎಂದರು. “ನಾನೂ ನಿಮ್ಮಪ್ಪನೂ ಒಂದ ಹೊಟ್ಯಾಗ ಹುಟ್ಟಿದವರು. ನಮಗ ಒಂದ ಬದುವಿನ ಮ್ಯಾಲ ನಿಂದ್ರಾಕ ಆಗಿಲ್ಲ.”

ಕಾಕಾ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಜಗಳವಾಗುತ್ತದೆ ಎಂದು ಅವರು ಹೆದರಿದ್ದರು. ಆದದ್ದು ಅತಿ ಮರ್ಯಾದೆ. ಪರದೆಯ ಮೇಲೆ ಬೀರಪ್ಪನ ಹೆಸರಿನ ಕರ್ಸರ್ ಗೆರೆ ಮಿಣುಕಿದರೆ ಸಾಕು, ಬಂದವರಿಗೆ ಜಾಗ ಬಿಡುವಂತೆ ನಾನು ಸರಿದು ಕೂರುತ್ತಿದ್ದೆ. ಫೈಲಿನಲ್ಲಲ್ಲ, ನಮ್ಮ ಮನೆಯ ಕಟ್ಟೆಯ ಮೇಲೆ, ಒಬ್ಬಳೇ ಕೂತಿದ್ದಾಗ. ಒಬ್ಬರ ಸ್ಲೈಡನ್ನು ಇನ್ನೊಬ್ಬರು ಮುಟ್ಟಲಿಲ್ಲ. ತಪ್ಪು ಕಣ್ಣಿಗೆ ಹೊಡೆದರೂ, ಅದು ಅವರ ಹೊಲ, ನಮಗೇಕೆ ಎಂದು ಸುಮ್ಮನಿದ್ದೆವು.

ಮೂವರೂ ಮೊದಲು ಬರೆದದ್ದು ದೇವರ ಹೆಸರು. ಸವಿತಾಳ ಪಾಲಿನ ತಲೆಯ ಮೇಲೆ ದಾನಮ್ಮದೇವಿ ಪ್ರಸನ್ನ, ಬೀರಪ್ಪನದರ ಮೇಲೆ ಬೀರದೇವರು ಪ್ರಸನ್ನ, ನನ್ನದರ ಮೇಲೆ ನಮ್ಮ ಮನೆದೇವರು. ಆಮೇಲೆ ಒಬ್ಬೊಬ್ಬರದೂ ಬೇರೆ ಪ್ರಸ್ತಾವನೆ, ಬೇರೆ ಆಭಾರ. ಇತಿಹಾಸದ ತರಗತಿಯಲ್ಲಿ ಕೇಳಿದ್ದೆ: ಹಳೆಯ ಕಲ್ಲಿನ ಶಾಸನಗಳು ದೇವರ ಸ್ತುತಿಯಿಂದ ಶುರುವಾಗಿ, ಇದನ್ನು ಕೆಡಿಸಿದವರಿಗೆ ಪಾಪ ತಟ್ಟಲಿ ಎಂಬ ಶಾಪದಲ್ಲಿ ಮುಗಿಯುತ್ತವೆ. ಅಂಥ ಕಲ್ಲುಗಳ ನಡುವೆ ಬೆಳೆದವರ ಕೈಗೆ ಡಿಲೀಟ್ ಬಟನ್ ಕೊಟ್ಟರೆ ಏನಾದೀತು? ಏನೂ ಆಗಲಿಲ್ಲ. ಅದೇ ತೊಂದರೆ.

ತಾಲೀಮಿನ ದಿನ ದೇವರುಗಳನ್ನೂ ಆಭಾರಗಳನ್ನೂ ದಾಟುವುದರೊಳಗೆ ನಮ್ಮ ವೇಳೆ ಮುಗಿಯಿತು. ನಮ್ಮ ಸ್ಲೈಡುಗಳ ಜೋಳ ಇನ್ನೂ ಮೊಳೆತಿರಲಿಲ್ಲ. ಹೀಗೇ ತಂದರೆ ಪಾಸು ಮಾಡಲಾರೆ ಎಂದು ಮೇಡಂ ಮರಾಠಿಯಲ್ಲಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ಸವಿತಾ ಮೊಬೈಲು ತೆಗೆದಳು. “ದೇವಿ ನಮ್ಮೂರಾಕಿ. ಏನಾರ ಅಂದ್ಲಂದ್ರ ನಾ ಸಮಜಾಯಿಸ್ತೀನಿ,” ಎಂದು ಕೈಮುಗಿದು, ಮೂರೂ ದೇವರನ್ನು ಮೊದಲನೆಯ ಸ್ಲೈಡಿನಲ್ಲಿ ಒತ್ತೊತ್ತಾಗಿ ಕೂರಿಸಿದಳು.

ಉಳಿದದ್ದಕ್ಕೆ ನಮ್ಮ ಕಡೆಯ ರೂಢಿಯೇ ದಾರಿ ತೋರಿಸಿತು. ಇನ್ನೊಬ್ಬರ ಹೊಲ ದಾಟುವ ಮುಂಚೆ ಬದುವಿನ ಮೇಲೆ ನಿಂತು ಒಂದು ಕೂಗು ಹಾಕುತ್ತೇವಲ್ಲ, ಹಾಗೆ. ಫೈಲಿನ ಅಂಚಿನಲ್ಲಿ ಕಾಮೆಂಟ್ ಬರೆಯುವ ಜಾಗವಿತ್ತು. ನಾನು ಅಲ್ಲಿ ನಿಂತು ಕೇಳಿದೆ: “ಬೀರಪ್ಪಾ, ನಿನ್ನ ಹೊಲದಾಗ ಕಾಲಿಡ್ಲೇನು?”

ಗುಡ್ಡದ ಮೇಲೆ ಕುರಿ ಬಿಟ್ಟುಕೊಂಡು ನಿಂತವನ ಉತ್ತರ ಬಂತು: “ಬಾ. ಬೆಳಿ ತುಳದಿ ಅಂದ್ರ ನಿನ್ನ ಹೊಲದಾಗ ಕುರಿ ಬಿಡ್ತೀನಿ.”

ಅಲ್ಲಿಂದ ಕೆಲಸ ಓಡಿತು. ಕೇಳಿ ಒಳಗೆ ಹೋದೆವು, ಹೇಳಿ ಅಳಿಸಿದೆವು. ಅಳಿಸಿಕೊಂಡವರು ಒಂದೆರಡು ದಿನ ಮುಖ ಊದಿಸಿಕೊಂಡದ್ದೂ ಉಂಟು, ಮುಖ್ಯವಾಗಿ ನಾನು.

ಪ್ರೆಸೆಂಟೇಶನ್ ದಿನ ಬೀರಪ್ಪನ ಸರದಿ ಬಂತು. ಎದ್ದು ನಿಂತ; ಮಾತು ಏಳಲಿಲ್ಲ. ಅವನ ಸ್ಲೈಡುಗಳಲ್ಲಿ ಅಷ್ಟು ಓಡಾಡಿದ್ದೆನಲ್ಲ, ನಾನೇ ಮರಾಠಿಯಲ್ಲಿ ಶುರುಮಾಡಿದೆ: ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ, ವಾರಗಟ್ಟಲೆ ಒಂದೇ ಜಾಗದಲ್ಲಿ.

“ಏ, ಹಂಗಲ್ಲ,” ಎಂದ ಬೀರಪ್ಪ, ಅಚ್ಚ ಕನ್ನಡದಲ್ಲಿ. “ದಿನಾ ಜಾಗಾ ಬದಲ್ ಮಾಡಬೇಕು.” ಆಮೇಲೆ ಮರಾಠಿಗೆ ಹೊರಳಿದವನು ಮೇಡಂ ಗಡಿಯಾರ ನೋಡುವವರೆಗೂ ನಿಲ್ಲಲಿಲ್ಲ. ನನ್ನ ತಪ್ಪಿನ ಮೇಲೆ ನನಗೆ ಅಷ್ಟು ಅಕ್ಕರೆ ಎಂದೂ ಹುಟ್ಟಿರಲಿಲ್ಲ. ಮೂವರೂ ಪಾಸಾದೆವು.

ಪ್ರಮಾಣಪತ್ರ ಕೊಡುವ ದಿನ ನನ್ನ ಜೊತೆ ಬಂದವಳು ಆಯಿ, ಅಪ್ಪನ ತಾಯಿ. ಹೆಸರು ಕೂಗಿದರು, ಹೋಗಿ ತೆಗೆದುಕೊಂಡೆ, ತಂದು ಅವಳ ಕೈಗಿಟ್ಟೆ. ಓದು ಬಾರದ ಆಯಿ ಅದನ್ನು ಸೆರಗಿನಿಂದ ಒರೆಸಿದಳು, ಧೂಳೇನೂ ಇರಲಿಲ್ಲ.

“ಇದರಾಗ ನಿನ್ನ ಹೆಸರು ಒಂದ ಐತೇನು? ಕೂಡಿ ಮಾಡಿದ್ರಲ್ಲ, ಅವರಿಬ್ಬರದು?”

“ಅವರಿಗೂ ಬ್ಯಾರೆ ಬ್ಯಾರೆ ಕೊಟ್ಟಾರ, ಆಯಿ. ಪೂರ್ತಿ.”

ಆಯಿ ಬೆರಳು ಮಡಚಿ ಲೆಕ್ಕ ಹಾಕಿದಳು.

“ಮೂರು ಮಂದಿ ಕೂಡಿ ಬೆಳದು, ಮೂರೂ ಮನಿಗಿ ಪೂರಾ ರಾಶಿ ಬರ್ತೈತಿ ಅಂದ್ರ, ನಿನ್ನ ತಂಗ್ಯಾರನ್ನೂ ಲಗೂನ ಇದಕ್ಕ ಹಚ್ಚೂನು.”