ಮಂಜಮ್ಮನ ಕಿವಿ ಮಿಷನ್ನು

ಶಿರಾ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಹಮದ್ ಷರೀಫರ ಚಪ್ಪಲಿ ಅಂಗಡಿ. ಅದರ ಅರ್ಧಕ್ಕೆ ಪ್ಲೈವುಡ್ ಹೊಡೆಸಿ, ಮಗಳು ಸಮ್ರೀನ್ ಕಿವಿ ಮಿಷನ್ನಿನ ಅಂಗಡಿ ಇಟ್ಟಿದ್ದಳು. ಮೈಸೂರಿನಲ್ಲಿ ಡಿಪ್ಲೊಮಾ ಓದಿ ಬಂದವಳು. ಕೂತಲ್ಲಿ ಕೂರುವ ಜೀವವಲ್ಲ ಅದು. ಆಚೆ ಕಡೆ ಚಪ್ಪಲಿ ಚೌಕಾಸಿ ಜೋರಾದರೆ ಪ್ಲೈವುಡ್ ಕುಟ್ಟಿ, "ಅಬ್ಬಾ, ಸ್ವಲ್ಪ ಮೆಲ್ಲಗೆ! ಇಲ್ಲಿ ಕಿವಿ ಟೆಸ್ಟ್ ನಡೀತಿದೆ" ಎಂದು ಅಪ್ಪನಿಗೆ ಕೂಗಿ ಹೇಳುವಳು.

ಆ ವಾರ ಅವಳ ಹಳೇ ಲ್ಯಾಪ್‌ಟಾಪ್ ಕೆಟ್ಟು ಕೂತಿತು. ಹೊಸದು ತಂದಳು. ಎಲ್ಲ ಕಂಪನಿಗಳ ಸಾಫ್ಟ್‌ವೇರೂ ಅದಕ್ಕೆ ಹೊಂದಿಕೊಂಡವು, ಒಂದು ಬಿಟ್ಟು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟು ಕಾಲವಾಯಿತೋ. ಅದರ ಮಿಷನ್ನುಗಳು ಮಾತ್ರ ಇನ್ನೂ ಸುತ್ತಲ ಹಳ್ಳಿಗಳವರ ಕಿವಿಯಲ್ಲಿದ್ದವು. ತೆರೆಯಲು ಹೋದಾಗಲೆಲ್ಲ ಒಂದೇ ಮಾತು: ಈ ಪ್ರೋಗ್ರಾಮಿಗೆ ಡಾಟ್‌ನೆಟ್ 3.5 ಬೇಕು. ವಿಂಡೋಸ್‌ನ ಹಳೇ ಕಾಲದ ಒಂದು ಪೂರಕ ಸಾಫ್ಟ್‌ವೇರ್ ಅದು. ಹಾಕಿಕೋ ಎಂದು ಒತ್ತಿದರೆ ಪರದೆಯ ಮೇಲಿನ ಪಟ್ಟಿ ಅರ್ಧದವರೆಗೆ ತೆವಳಿ ನಿಂತುಬಿಡುತ್ತಿತ್ತು.

ಅಂಥ ಹೊತ್ತಿನಲ್ಲೇ ಹುಲಿಕುಂಟೆಯಿಂದ ಕುರಿ ಕಾಯುವ ಮಂಜಮ್ಮ ಬಂದಳು.

"ಕುಯ್ಯೋ ಅಂತ ಒಂದೇ ಸಮ ಅರಚ್ತದೆ ಕಣಮ್ಮ. ಅದ್ಕೆ ಕಿತ್ತು ಸೆರಗಿಗೆ ಕಟ್ಕಂಡಿದ್ದೆ. ಮೊನ್ನೆ ನಾಯಿಗಳು ಮರಿ ಎಳ್ಕಂಡೋದ್ರೂ ನಂಗೆ ಗೊತ್ತೇ ಆಗ್ಲಿಲ್ಲ."

ಸಮ್ರೀನ್ ತಿರುವಿ ನೋಡಿದಳು. ಅದೇ ಮುಚ್ಚಿದ ಕಂಪನಿಯ ಮಿಷನ್ನು, ಚೆನ್ನಾಗಿಯೇ ಇತ್ತು. ಒಳಗಿನ ಸೆಟ್ಟಿಂಗ್ ಬದಲಾಗಬೇಕು, ಬದಲಿಸುವ ಸಾಫ್ಟ್‌ವೇರ್ ತೆರೆಯುತ್ತಿಲ್ಲ.

"ಎರಡು ದಿನ ಬಿಟ್ಟು ಬನ್ನಿ ಅಜ್ಜೀ!" ಎಂದು ಕಿವಿಯ ಹತ್ತಿರ ಕೂಗಿದಳು.

"ಪುನಾ ಬಂದ್ರೆ ಕುರಿ ಯಾರ್ ಕಾಯ್ತಾರೆ?"

ಮುದುಕಿ ಸಿಟ್ಟಿನಿಂದ ಕೇಳಲಿಲ್ಲ, ಗೊತ್ತಾಗದೆ ಕೇಳಿದಳು. ಅದೇ ಸಮ್ರೀನಳಿಗೆ ಚುಚ್ಚಿತು. ತಾನೇ ಹುಲಿಕುಂಟೆಗೆ ಬರುವುದಾಗಿ ಹೇಳಿ ಕಳಿಸಿದಳು.

ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮತೀನ್ ಬಂದು ನೋಡಿ ತಲೆ ಕೆರೆದುಕೊಂಡ. "ಇದ್ರಲ್ಲಿ ಅದಕ್ಕಿಂತ ಹೊಸ ವರ್ಷನ್ನೇ ಇದೆಯಲ್ಲ ಆಪಾ. ಹೊಸದಿರುವಾಗ ಹಳೇದ್ಯಾಕೆ ಕೇಳುತ್ತೆ?"

"ಹೊಸದು ನಂಗೆ ಆಗಲ್ಲ ಅಂತ ಹಟ ಹಿಡಿದಿದೆ."

"ಅಜ್ಜಿಗೆ ಹೊಸ ಮಿಷನ್ನೇ ಕೊಟ್ಟುಬಿಡಿ ಹಂಗಾದ್ರೆ."

ಅದನ್ನೂ ಸಮ್ರೀನ್ ಹಿಂದೊಮ್ಮೆ ಮಾಡಿ ನೋಡಿದ್ದಳು. ಕುರಿ ಕೂಗಿದರೂ ತಗಡು ಬಡಿದಂತೆ ಕೇಳುತ್ತದೆಂದು ಮಂಜಮ್ಮ ಅರ್ಧ ಗಂಟೆಯಲ್ಲೇ ಕಿತ್ತು ಕೈಗೆ ಕೊಟ್ಟಿದ್ದಳು.

ಮಧ್ಯಾಹ್ನ ಸಮ್ರೀನ್ ಊಟಕ್ಕೆ ಕೂತು ಎರಡು ಸಲ ಎದ್ದಳು. ಅಪ್ಪ ನಕ್ಕರು. "ಕೂತ್ಕೋ ಬೇಟಿ. ಕಂಪ್ಯೂಟರ್ ಏನು ಓಡಿಹೋಗುತ್ತಾ?"

"ಓಡದೇ ಇರೋದೇ ತೊಂದ್ರೆ ಅಬ್ಬಾ!"

ಮಧುಗಿರಿಯ ಒಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಅಶ್ವಿನಿ ಅವಳ ಕಾಲೇಜಿನ ಗೆಳತಿ. ಸಮ್ರೀನ್ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಮಧುಗಿರಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ, ಆ ನಾಯಿಗಳು ಮತ್ತೆ ಬಂದಿದ್ದರೆ ಎಂಬ ಚಿಂತೆಯೇ.

ಅಶ್ವಿನಿ ಇದೇ ಪಾಡು ಪಟ್ಟು ಮುಗಿಸಿದ್ದಳು. "ಇದು ನೆಟ್‌ನಿಂದ ಇಳಿಯಲ್ಲ ಕಣೇ. ವಿಂಡೋಸ್ ಹಾಕೋ ಪೆನ್‌ಡ್ರೈವ್‌ನಲ್ಲೇ ಹಳೇ ಫೈಲೂ ಇರುತ್ತೆ. ಅಲ್ಲಿಂದ ತಗೋ ಅಂತ ನಾವೇ ತೋರಿಸ್ಬೇಕು."

ಅವಳ ಪೆನ್‌ಡ್ರೈವ್ ಹಾಕಿದರು. ಅದರಲ್ಲಿದ್ದದ್ದು ವಿಂಡೋಸ್‌ನ ಬೇರೆ ವರ್ಷನ್ನು, ಹೊಂದಲಿಲ್ಲ. ಸಮ್ರೀನ್ ಮಧುಗಿರಿಯ ಕಂಪ್ಯೂಟರ್ ಅಂಗಡಿಗಳನ್ನು ಸುತ್ತಿ, ತನ್ನ ಲ್ಯಾಪ್‌ಟಾಪಿಗೆ ಸರಿಹೋಗುವುದನ್ನು ಹುಡುಕಿ ತಂದಳು. ಈ ಸಲ ಪಟ್ಟಿ ಕೊನೆ ಮುಟ್ಟಿತು, ಸಾಫ್ಟ್‌ವೇರ್ ತೆರೆಯಿತು. ಗೆಳತಿಯನ್ನು ತಬ್ಬಿಕೊಂಡು, ಟೀಗೂ ನಿಲ್ಲದೆ ಓಡಿದಳು.

ಮರುದಿನ ಬೆಳಿಗ್ಗೆ ಹುಲಿಕುಂಟೆಯ ಬಯಲಲ್ಲಿ, ಹೊಂಗೆ ಮರದಡಿ ಮಂಜಮ್ಮನನ್ನು ಕೂರಿಸಿ, ಮಿಷನ್ನಿಗೆ ವೈರು ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ ಬದಲಿಸಿದಳು. ಅರಚಾಟ ನಿಂತಿತು.

"ಕೇಳ್ತಾ ಅಜ್ಜಿ?"

"ಅಯ್ಯಯ್ಯೋ, ಜಾಸ್ತಿ ಆಯ್ತು! ನಿನ್ ಬಳೆ ಸದ್ದೇ ಕಲ್ಲು ಉರುಳ್ದಂಗೆ ಕೇಳ್ತದೆ. ವಸಿ ಇಳ್ಸು."

ಇಳಿಸಿದಳು. ಬೆನ್ನ ಹಿಂದೆ ದೂರದಲ್ಲೊಂದು ಮರಿ ಅರಚಿತು. ಮಂಜಮ್ಮ ತಿರುಗದೆಯೇ, "ಮುಳ್ಳಿಗೆ ಸಿಕ್ಕಾಕ್ಕಂಡದೆ ಅದು" ಎಂದು ಕೋಲು ಹಿಡಿದು ಹೊರಟಳು.

ಅವಳು ಮರಿಯೊಂದಿಗೆ ಬರುವವರೆಗೂ ಸಮ್ರೀನ್ ಮರದ ಸುತ್ತ ತಿರುಗುತ್ತಿದ್ದಳು. ಗೆದ್ದೆನೆಂಬ ನೆಮ್ಮದಿ ಹತ್ತಿರ ಸುಳಿಯಲಿಲ್ಲ. ಕೊನೆಗೆ ಹೇಳಿಯೇಬಿಟ್ಟಳು: "ಈ ಸಲ ಆಯ್ತು ಅಜ್ಜಿ. ಮುಂದಿನ ಸಲ ಈ ಸಾಫ್ಟ್‌ವೇರ್ ತೆರೆಯುತ್ತೋ ಇಲ್ವೋ, ನಂಗೇ ಗೊತ್ತಿಲ್ಲ." ಬ್ಯಾಗಿನಿಂದ ಹೊಸ ಮಿಷನ್ನು ತೆಗೆದಳು. "ಸಂಜೆ ಮನೇಲಿ ಒಂದಿಷ್ಟು ಹೊತ್ತು ಇದನ್ನ ಹಾಕ್ಕೊಂಡು ನೋಡಿ. ಮೆಲ್ಲಗೆ ಅಭ್ಯಾಸ ಆಗುತ್ತೆ."

"ಒಗ್ಗದಿದ್ರೆ?"

"ಒಗ್ಗೋವರ್ಗೂ ಬಂದು ಸರಿ ಮಾಡ್ತೀನಿ."

"ನೋಡಾನ ಬುಡು" ಎಂದು ಮಂಜಮ್ಮ ಅದನ್ನು ಎಲಡಿಕೆ ಚೀಲಕ್ಕೆ ಹಾಕಿಕೊಂಡಳು.

ರಸ್ತೆಗೆ ಬಂದ ಸಮ್ರೀನ್, ಬಸ್ಸು ಕಾಣುವ ಮೊದಲೇ ತೋವಿನಕೆರೆಯ ಸಿದ್ದಗಂಗಯ್ಯನ ಸೊಸೆಗೆ ಫೋನ್ ಮಾಡಿದಳು. ಸಿದ್ದಗಂಗಯ್ಯನದೂ ಅದೇ ಹಳೇ ಕಂಪನಿಯ ಮಿಷನ್ನು.

"ಮಾವನೋರ್ನ ಈ ವಾರವೇ ಕರ್ಕೊಂಡು ಬನ್ನಿ" ಎಂದಳು. "ಮಿಷನ್ ಚೆನ್ನಾಗಿದ್ರೂ ಪರ್ವಾಗಿಲ್ಲ, ಬನ್ನಿ."